ಮುಸುವ, ಕೋತಿ ಮತ್ತು ವಸಂತಾ

ಎಂಬತ್ತರ ದಶಕದಲ್ಲಿ ನಾನೂ ವಸಂತಾನೂ ಒಂದೇ ಲ್ಯಾಬಿನಲ್ಲಿದ್ದೆವು. ಕಪ್ಪು ಮೂತಿಯ ಮುಸುವಗಳಲ್ಲಿ ಸಿಕ್ಕ ಒಂದು ವೈರಸ್ಸಿನ ಪ್ರೋಟೀನುಗಳನ್ನು ಬೇರ್ಪಡಿಸಿ ಅವಳು ಹೆಸರು ಮಾಡಿದ್ದಳು. ಅದೇ ಜಾತಿಯ ವೈರಸ್ಸನ್ನು ಕೋತಿಗಳಲ್ಲಿ ಹುಡುಕಿ, ಎರಡರ ಪ್ರೋಟೀನುಗಳನ್ನೂ ಹೋಲಿಸುವ ಕೆಲಸ ನನ್ನದು. ಎಲ್ಲರೂ ಅವಳನ್ನೇ ಹೊಗಳುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಶ್ರೀನಿವಾಸಪುರದ ಮಾವಿನ ತೋಪೊಂದರಲ್ಲಿ ಕೋತಿಗಳು ಬೋನಿಗೆ ಬಿದ್ದಿವೆಯೆಂದು ಕೇಳಿ ಇಬ್ಬರೂ ಹೋದೆವು. ರಕ್ತ ತೆಗೆಯಲು ತೋಪಿನ ರೆಡ್ಡಿಯವರು ಒಪ್ಪಲಿಲ್ಲ.

"ಆಂಜನೇಯಸ್ವಾಮಿಗೆ ಸೂಜಿ ಚುಚ್ಚೋದಾ? ಬ್ಯಾಡಮ್ಮ."

ವೈರಸ್ಸು, ಪ್ರೋಟೀನು ಅಂತ ನಾನು ಬೆವರು ಸುರಿಸಿ ವಿವರಿಸಿದರೂ ಅವರು ಜಗ್ಗಲಿಲ್ಲ. ವಸಂತಾ ತೆಲುಗಿನಲ್ಲಿ ಏನೋ ಹೇಳಿದಳು. ರೆಡ್ಡಿಯವರು ನಕ್ಕು, ನನಗೇ ದಾರಿ ಬಿಟ್ಟರು. ಇದೂ ಅವಳಿಂದಲೇ ಆಯಿತಲ್ಲ ಅಂತ ಮೈಯೆಲ್ಲ ಉರಿಯಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಏನಂದ್ಯೇ ಅವರಿಗೆ?"

"ನಿಜಾನೇ ಹೇಳ್ದೆ ಕಣೇ. ಪ್ರಾಣಿಗೆ ನೋವಾಗದ ಹಾಗೆ ರಕ್ತ ತೆಗೆಯೋದು ಇವಳಿಗೆ ಬರೋ ಹಾಗೆ ನನಗೆ ಬರಲ್ಲ ಅಂದೆ."

ನಾನು ರಕ್ತದ ಸೀಸೆಗಳ ಡಬ್ಬಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡೆ.

ಆಮೇಲೆ ಹೋಲಿಸಿ ನೋಡಿದರೆ, ಎರಡೂ ವೈರಸ್ಸುಗಳ ಪ್ರೋಟೀನುಗಳು ಹೆಚ್ಚುಕಡಿಮೆ ಒಂದೇ ಥರ ಇದ್ದವು. ವಸಂತಾ ಹಟ ಹಿಡಿದು ಪ್ರಬಂಧದಲ್ಲಿ ನನ್ನ ಹೆಸರನ್ನೇ ಮೊದಲು ಹಾಕಿಸಿದಳು. ಎಲ್ಲರೂ ಅವಳ ದೊಡ್ಡ ಮನಸ್ಸನ್ನು ಹೊಗಳಿದರು. ಪ್ರಬಂಧವನ್ನು ಯಾರು ಓದಿದರೋ ಕಾಣೆ.