ಬಡಿಸಿಕೊಳ್ಳುವ ಐದು ದಿನ

ಐವತ್ತಾರನೇ ವಯಸ್ಸಿಗೆ ತಿಯೊದೋಸಿಯಾ ಮೊದಲ ಸಲ ಪೆರುವಿನ ರಾಜಧಾನಿ ಲಿಮಾಕ್ಕೆ ಹೊರಟಿದ್ದಳು. ಹೊರಟಿದ್ದು ಒಂದು ಊಟಕ್ಕಾಗಿ. ನಗಬೇಡಿ. ಅವಳೂರು ಉವಾಂತಾದ ಶಾಲೆಯಲ್ಲಿ ಅವಳ ಹಾಗೆ ಇಪ್ಪತ್ತೇಳು ವರ್ಷ ದಿನಾ ಎಂಬತ್ತು ಮಕ್ಕಳಿಗೆ ಬೇಯಿಸಿ ಹಾಕಿ ನೋಡಿ, ಆಮೇಲೆ ನಗುವಿರಂತೆ. ಊರಲ್ಲಿ ಮದುವೆಯಾದರೆ ಸೌಟು ಅವಳ ಕೈಗೆ, ಯಾರಾದರೂ ಸತ್ತರೂ ಸೌಟು ಅವಳ ಕೈಗೆ. ಮನೆಗೆ ಬಂದರೆ ಗಂಡ ಸಾತುರ್ನಿನೋ ಚಮಚ ಹಿಡಿದು ಕೂತಿರುತ್ತಿದ್ದ. ಅವಳು ಮಾತ್ರ ಒಲೆಯ ಪಕ್ಕ ನಿಂತುಕೊಂಡೇ, ತಳದಲ್ಲಿ ಉಳಿದಿದ್ದನ್ನು ಕೆರೆದು ತಿನ್ನುತ್ತಿದ್ದಳು.

ಈ ಆಸೆಯನ್ನು ಅವಳ ತಲೆಗೆ ತುಂಬಿದವನು ಲಿಮಾದಿಂದ ಬಂದಿದ್ದ ಹೊಸ ಮೇಷ್ಟ್ರು. ಅಲ್ಲಿ ಚಿಫಾ ಅಂತ ಚೀನೀ ಹೋಟೆಲುಗಳಿವೆಯಂತೆ.

"ಹೋಗಿ ಕೂತ್ರೆ ಸಾಕಮ್ಮ, ಬಿಸಿ ಚಹಾ ಅವರಾಗೇ ತಂದಿಡ್ತಾರೆ. ಆಮೇಲೆ ಸೂಪು. ಆಮೇಲೆ ಇಷ್ಟೆತ್ತರ ಹುರಿದ ಅನ್ನ. ತಿಂದ ತಟ್ಟೆ ಕೂಡ ಅವರೇ ಎತ್ಕೊಂಡು ಹೋಗ್ತಾರೆ."

"ತಟ್ಟೆನೂ ಅವರೇನಾ?" ಎಂದು ತಿಯೊದೋಸಿಯಾ ಎರಡು ಸಲ ಕೇಳಿದಳು.

ಅವತ್ತಿನಿಂದ ಒಲೆಯ ಪಕ್ಕ ಸಾಕಿದ್ದ ಗಿನಿಹಂದಿಗಳನ್ನು ಒಂದೊಂದಾಗಿ ಸಂತೆಯಲ್ಲಿ ಮಾರಿದಳು. ಮುನ್ನೂರೈವತ್ತು ಸೋಲ್ ಕೂಡಿತು. ಹಳೇ ಕ್ಯಾಲೆಂಡರಿನ ಹಾಳೆ ತಿರುವಿ ಲೆಕ್ಕ ಹಾಕಿದಳು. ಹೋಗಿ ಬರುವ ಬಸ್ಸಿಗೆ ನೂರನಲವತ್ತು. ಐದು ದಿನ, ದಿನಕ್ಕೊಂದು ಚಿಫಾ ಊಟ, ನೂರು. ಮಿಕ್ಕಿದ್ದು ಪೇಟೆ ಬಸ್ಸಿಗೆ, ನೆಂಟರಿಗೆ ಏನಾದರೂ ಒಯ್ಯುವುದಕ್ಕೆ. ಇಳಿದುಕೊಳ್ಳುವುದು ನೇಲಿದಾಳ ಮನೆಯಲ್ಲಿ, ಪುಕ್ಕಟೆ. ನೇಲಿದಾ ಅಂದರೆ ತೀರಿಹೋದ ತಂಗಿಯ ಮಗಳು. ಆರು ವರ್ಷದವಳಿದ್ದಾಗಿನಿಂದ ತಿಯೊದೋಸಿಯಾಳೇ ಸಾಕಿದ್ದಳು. ಈಗ ಲಿಮಾದ ಅಂಚಿನ ಬೆಟ್ಟದ ಬಡಾವಣೆಯಲ್ಲಿ ಗಂಡ, ಅತ್ತೆಯ ಜೊತೆ ಇದ್ದಳು.

"ಐದು ದಿನ ಸೌಟು ಮುಟ್ಟಿದ್ರೆ ಕೇಳು ತಾಯಿ" ಎಂದು ಮೇರಿಯಮ್ಮನ ಪಟದ ಮುಂದೆ ಆಣೆಯನ್ನೂ ಹಾಕಿದಳು.

ಫೋನು ಮಾಡಿದರೆ ನೇಲಿದಾ ಕುಣಿದಾಡಿದಳು. "ಅಯ್ಯೋ ದೊಡ್ಡಮ್ಮಾ! ಬಾ ಬಾ! ದುಡ್ಡಿನ ಯೋಚ್ನೆ ಬಿಟ್ಬಿಡು, ಅದನ್ನ ನಾನು ನೋಡ್ಕೋತೀನಿ."

ಎಂಥ ಬಂಗಾರದ ಹುಡುಗಿ ಎಂದು ನಾಲ್ಕು ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದಳು. ಐದನೇ ದಿನ ಬಂಗಾರದ ಹುಡುಗಿಯೇ ಫೋನು ಮಾಡಿದಳು.

"ದೊಡ್ಡಮ್ಮ, ನಿನ್ನ ಖರ್ಚಿಗೆ ಅಂತ ಭಾನುವಾರ ಪೊಯಾದಾ ಇಟ್ಕೊಂಡಿದೀನಿ! ನೂರಿಪ್ಪತ್ತು ಚೀಟಿ ಆಗ್ಲೇ ಖರ್ಚಾಯ್ತು."

ಆ ಬೆಟ್ಟದವರು ಎಲ್ಲದಕ್ಕೂ ಮಾಡುವುದು ಇದನ್ನೇ. ಆಪರೇಷನ್ನಿಗೆ ದುಡ್ಡಿಲ್ಲವೆ, ಮನೆಯ ಮಾಡು ಹಾರಿತೆ, ಊಟದ ಚೀಟಿ ಮಾರುತ್ತಾರೆ. ಭಾನುವಾರ ಓಣಿಯವರೆಲ್ಲ ಬಂದು ಖಾರ ಹಚ್ಚಿ ಕರಿದ ಕೋಳಿ ತಿಂದು, ಬಿಯರ್ ಕುಡಿದು, ಕುಣಿದು ಹೋಗುತ್ತಾರೆ. ಇವತ್ತು ನಿನಗೆ, ನಾಳೆ ನನಗೆ. ಒಳ್ಳೇ ಪದ್ಧತಿಯೇ, ಯಾರೂ ಇಲ್ಲ ಅನ್ನುವುದಿಲ್ಲ.

"ನೂರಿಪ್ಪತ್ತು ಜನಕ್ಕೆ ಕೋಳಿ ಕರಿಯೋರು ಯಾರೇ?" ತಿಯೊದೋಸಿಯಾ ಕೇಳಿದಳು.

"ಇನ್ಯಾರು! ಚೀಟಿ ಮೇಲೆ ನಿನ್ನ ಹೆಸರೇ ಹಾಕ್ಸಿದೀನಿ, 'ಉವಾಂತಾದ ತಿಯೊದೋಸಿಯಾ ಕೈರುಚಿ' ಅಂತ. ಶನಿವಾರ ನಮ್ಮತ್ತೆ ತವರಿನವರು ಬರ್ತಾರೆ, ಕೆಂಪು ಆಲೂಗಡ್ಡೆ ಪಲ್ಯ ಮಾಡಿಹಾಕು. ಸೋಮವಾರ ಮೈದುನನ ಹುಟ್ಟುಹಬ್ಬ. ಹಾಂ, ಬರೋವಾಗ ಅರೆದ ಮೆಣಸಿನಕಾಯಿ ನಾಲ್ಕು ಕಿಲೋ ತಂದ್ಬಿಡು, ಇಲ್ಲಿದು ಬಾಯಿಗಿಡೋ ಹಾಗಿಲ್ಲ."

ಫೋನಿಟ್ಟವಳು ಹಿತ್ತಲಿಗೆ ಹೋಗಿ ಒಂದು ಬುಟ್ಟಿಯನ್ನು ಒದ್ದಳು. ಬುಟ್ಟಿ ಏನು ಮಾಡಿತ್ತು ಪಾಪ.

ಸಾತುರ್ನಿನೋ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲ್ಲಿ ಎಂಬತ್ತು ಮಕ್ಕಳು, ಅಲ್ಲಿ ನೂರಿಪ್ಪತ್ತು ಕುಡುಕರು. ಬಡ್ತಿ ಸಿಕ್ತಲ್ಲೇ ನಿನಗೆ!"

"ಬಾಯಿ ಮುಚ್ರೀ. ಹಲ್ಲು ಕಿರಿದ್ರೆ ಇವತ್ತು ಉಪವಾಸ ಕೆಡವ್ತೀನಿ."

ಕ್ಯಾಲೆಂಡರಿನ ಹಾಳೆ ಮತ್ತೆ ಹೊರಬಂತು. ಲಾಡ್ಜಿನ ಕೋಣೆಗೆ ರಾತ್ರಿಗೆ ಅರವತ್ತು ಎಂದು ಮೇಷ್ಟ್ರು ವಿಚಾರಿಸಿ ಹೇಳಿದ. ಐದು ದಿನ ಎರಡಕ್ಕೆ ಇಳಿಯಿತು. ಎರಡಾದರೆ ಎರಡು, ಎರಡು ಸಲವಾದರೂ ಕೂತು ತಿನ್ನುತ್ತೇನೆ ಎಂದುಕೊಂಡಳು. ಅದಕ್ಕೂ ಕಲ್ಲು ಹಾಕಲು ಪಕ್ಕದ ಮನೆಯ ಎರ್ಮೆಲಿಂದಾ ಬಂದಳು. ಚರ್ಚಿನಲ್ಲಿ ಹೆಸರಿಡುವಾಗ ನೇಲಿದಾಳನ್ನು ಎತ್ತಿಕೊಂಡಿದ್ದ ಜ್ಞಾನಸ್ನಾನದ ತಾಯಿ ಅವಳು, ಕೇಳುವ ಹಕ್ಕಿದ್ದವಳು.

"ಸಾಕಿದ ಮಗಳು ಇರೋ ಊರಲ್ಲಿ ಲಾಡ್ಜಾ? ಅವಳ ಹೊಸ್ತಿಲ ಮೇಲೆ ಉಗಿದ ಹಾಗಲ್ವೇನೇ? ಅವಳತ್ತೆ ಮನೆಯವರು ಅವಳನ್ನ ಬದುಕೋಕೆ ಬಿಡ್ತಾರಾ?"

ನಿಜವೇ. ಅದೇ ಸಿಟ್ಟು ತರಿಸುವುದು. ಅತ್ತ ದರಿ, ಇತ್ತ ಪುಲಿ. ಹೋದರೆ ಒಲೆ, ಹೋಗದಿದ್ದರೂ ಒಲೆ. ಗಿನಿಹಂದಿಗಳೂ ಹೋದವು, ಆಣೆಯೂ ಹೋಯಿತು. ಅವಳಿಗೆ ಅಳು ಬಂತು, ಅಳುತ್ತಲೇ ಮೆಣಸಿನಕಾಯಿ ಅರೆಯಲು ಕೂತಳು. ಎರಡು ಕಿಲೋ ಮುಗಿಯುವ ಹೊತ್ತಿಗೆ ಅಳು ಒಣಗಿ ಸಿಟ್ಟೇ ಉಳಿದಿತ್ತು. ಕೈ ಒರೆಸಿಕೊಂಡು ಫೋನು ಹಚ್ಚಿದಳು.

"ಕೇಳಿಲ್ಲಿ ನೇಲಿದಾ. ನಾನು ಕೋಳಿ ಕರೀತೀನಿ, ಪಲ್ಯ ಮಾಡ್ತೀನಿ, ನಿನ್ನ ಮೈದುನನ ಹೊಟ್ಟೆನೂ ತುಂಬಿಸ್ತೀನಿ. ಆದ್ರೆ ಬಸ್ಸಿಳಿದ ದಿನ ನಾನೊಂದು ಕಡ್ಡಿ ಎತ್ತಲ್ಲ. ನೀನು ಬೇಯಿಸ್ಬೇಕು, ನೀನು ಬಡಿಸ್ಬೇಕು, ನಾನು ಕೂತ್ಕೊಂಡು ತಿನ್ಬೇಕು. ಇಲ್ಲಾಂದ್ರೆ ಟಿಕೆಟ್ಟು ಹರಿದು ಒಲೆಗೆ ಹಾಕ್ತೀನಿ."

"ಅದೂ... ಅದೇನಂದ್ರೆ..." ಎಂದು ನೇಲಿದಾ ರಾಗ ಎಳೆದಳು.

"ಯಾಕೇ? ಅಷ್ಟೂ ಆಗಲ್ವಾ? ಹತ್ತೊಂಬತ್ತು ವರ್ಷ ಬೇಯಿಸಿ ಹಾಕಿದೀನಿ ನಿನಗೆ!"

"ದೊಡ್ಡಮ್ಮ" ಎಂದಳು ನೇಲಿದಾ. ಧ್ವನಿ ಸಣ್ಣಗಾಗಿತ್ತು. "ನನಗೆ ಅಡುಗೆ ಬರಲ್ಲ."

"ಬರಲ್ಲ ಅಂದ್ರೆ?"

"ನೀನು ಬಿಟ್ರೆ ತಾನೇ ಕಲಿಯೋದು? ಒಲೆ ಹತ್ರ ಬಂದ್ರೆ ಸೌಟಲ್ಲಿ ಹೊಡೀತಿದ್ದೆ. 'ಕೆಡಿಸ್ತೀಯ, ಆಚೆ ಹೋಗು' ಅಂತಿದ್ದೆ. ಇಲ್ಲಿ ಅತ್ತೆಯೇ ಮಾಡ್ತಾಳೆ, ಸೊಸೆಗೆ ಅಡುಗೆ ಬರಲ್ಲ ಅಂತ ದಿನಾ ಆಡ್ಕೋತಾಳೆ. ನಿನ್ನ ಕೈ ಅಡುಗೆ ಒಂದ್ಸಲ ಅವರ ಬಾಯಿಗೆ ಬಿದ್ರೆ, ನಾನೂ ಎಂಥಾ ಮನೆಯಿಂದ ಬಂದವಳು ಅಂತ ಗೊತ್ತಾಗ್ಲಿ ಅಂತಾನೇ ಇಷ್ಟೆಲ್ಲ ಮಾಡಿದ್ದು."

ತಿಯೊದೋಸಿಯಾಳಿಗೆ ಎಲ್ಲ ನೆನಪಾಯಿತು. ಹೌದು, ಹೊಡೆದಿದ್ದಳು. ಆ ಪುಟ್ಟ ಹುಡುಗಿಯನ್ನಷ್ಟೇ ಅಲ್ಲ, ಗಂಡನನ್ನೂ, ಎರ್ಮೆಲಿಂದಾಳನ್ನೂ, ಶಾಲೆಗೆ ಬಂದ ಮೂವರು ಸಹಾಯಕಿಯರನ್ನೂ ಒಲೆಯ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಇನ್ನು ಬಡಿಸುವವರು ಎಲ್ಲಿಂದ ಬರಬೇಕು?

"ದೊಡ್ಡಮ್ಮ, ಇದೀಯಾ?"

"ಇದೀನಿ. ಬರೀ ಅನ್ನ ಬೇಯಿಸು ಮಗಳೇ" ಎಂದಳು. "ತಳ ಹತ್ತಿದ್ರೂ ಪರವಾಗಿಲ್ಲ. ನಾನು ಕೂತ್ಕೊಂಡೇ ತಿಂತೀನಿ, ಬಾಯಿ ಬಿಡಲ್ಲ."