ನಮ್ಮ ಮನೆಯಲ್ಲಿದ್ದ ಅಕ್ಕನ ಫ್ರಿಡ್ಜು

ಮೊನ್ನೆ ಗುಜರಿಯವ ಬರುತ್ತಾನೆಂದು ಅಡುಗೆಮನೆಯ ಹಳೇ ಫ್ರಿಡ್ಜನ್ನು ಖಾಲಿ ಮಾಡುತ್ತಿದ್ದೆ. ತರಕಾರಿಯ ಟ್ರೇ ಎಳೆದಾಗ ಹಿಂದಿನ ಸಂದಿಯಲ್ಲಿ ಒಂದು ಬಟ್ಟೆಯ ತುಂಡು ಸಿಕ್ಕಿತು. ಹಳೇ ಲುಂಗಿಯಿಂದ ಹರಿದದ್ದು, ಕರವಸ್ತ್ರದಷ್ಟು. ಮೂಗಿನ ಹತ್ತಿರ ಹಿಡಿಯುವುದೇ ಬೇಡ, ಬೀಡಿಯ ಹೊಗೆಸೊಪ್ಪಿನ ವಾಸನೆ ತಾನಾಗಿ ಬಂತು. ನಾನು ಎಷ್ಟು ಸಲ ಸೋಪು ಹಾಕಿ ಒರೆಸಿದ ಫ್ರಿಡ್ಜು ಅದು, ಆ ವಾಸನೆ ಎಲ್ಲಿ ಅಡಗಿ ಕೂತಿತ್ತೋ... ಕೆಲಸ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ.

ಆ ಫ್ರಿಡ್ಜು ನಮ್ಮದಲ್ಲ, ಪಕ್ಕದ ಮನೆಯ ಅಕ್ಕನದ್ದು. ಇದನ್ನು ಈವರೆಗೆ ನಾನು ಯಾರಿಗೂ ಹೇಳಿದವಳಲ್ಲ.

ವಿಟ್ಲದಿಂದ ಸ್ವಲ್ಪ ಒಳಗೆ, ಸರಕಾರ ಕೊಟ್ಟ ಐದು ಸೆಂಟ್ಸ್ ಸೈಟುಗಳ ಸಾಲಿನಲ್ಲಿ ಕೊನೆಯ ಮನೆ ಅವರದ್ದು, ಅದರ ಆಚೆಗೆ, ಸಾಲಿನ ಹೊರಗೆ, ನಮ್ಮದು. ಮಧ್ಯೆ ಒಂದು ದಾಸವಾಳದ ಬೇಲಿ. ಅವರು ಬೀಡಿ ಕಟ್ಟುತ್ತಿದ್ದರು. ನಾನು ಜಗಲಿಯಲ್ಲಿ ಹೊಲಿಗೆ ಮಿಷನ್ ತುಳಿಯುವಾಗ ಅವರು ಅವರ ಜಗಲಿಯಲ್ಲಿ ಬೀಡಿಯ ಮೊರ, ತಡ್ಪೆ, ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ನೆನೆಸಿದ ಎಲೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಳಗೆ ಮಂಚದಲ್ಲಿ ಅವರ ಗಂಡ, ನನಗೆ ಭಾವ. ಸಕ್ಕರೆ ಕಾಯಿಲೆ, ಕಾಲಿಗೆ ಗಾಯವಾಗಿ ಮತ್ತೆ ನಡೆಯಲು ಆಗಲೇ ಇಲ್ಲ. ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚುವುದೂ ಅಕ್ಕನೇ. ಆ ಔಷಧಿ ಇಡಲಿಕ್ಕೆಂದೇ ಗಲ್ಫಿನಲ್ಲಿದ್ದ ಅವರ ತಮ್ಮ ಊರಿಗೆ ಬಂದಾಗ ಒಂದು ಸಣ್ಣ ಫ್ರಿಡ್ಜು ತೆಗೆದುಕೊಟ್ಟಿದ್ದ. ಹಳೇದು, ಒಂದೇ ಬಾಗಿಲಿನದ್ದು.

ಅಕ್ಕ ಪುಕ್ಕಲು ಹೆಂಗಸೇನೂ ಅಲ್ಲ. ನಮ್ಮ ಬಚ್ಚಲಿಗೆ ಹಾವು ಹೊಕ್ಕಾಗ ನಾನು ರಸ್ತೆಯಲ್ಲಿ ನಿಂತು ನಡುಗುತ್ತಿದ್ದೆ, ಅವರು ಕೋಲಿನಲ್ಲಿ ಅದನ್ನು ಹೊರಗೆಳೆದು ತೋಡಿನ ಕಡೆ ಎಸೆದು ಬಂದರು. ಅವರಿಗೆ ಹೆದರಿಕೆ ಇದ್ದದ್ದು ಹೆಗಲಿಗೆ ಬ್ಯಾಗ್ ಹಾಕಿಕೊಂಡು ಬರುವವರನ್ನು ಕಂಡರೆ. ಕರೆಂಟಿನವರು, ಜನಗಣತಿಯವರು, ಯಾರೇ ಆಗಲಿ. ತುಳುವಿನಲ್ಲಿ "ಪೋಡಿಗೆ ಆಪುಂಡು" ಅನ್ನುತ್ತಿದ್ದರು. ಹೆದರಿಕೆ ಆಗ್ತದೆ ಅಂತ. ಹೇಳುವಾಗ ಎದೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದರು.

ಆ ವರ್ಷ ಭಾವನ ಆಸ್ಪತ್ರೆ ಓಡಾಟದಲ್ಲಿ ನಳ್ಳಿ ನೀರಿನ ಬಿಲ್ಲು ಬಾಕಿಯಾಗುತ್ತಾ ಹೋಯಿತು. ಕೊನೆಗೆ ಪಂಚಾಯತಿನಿಂದ ನೋಟಿಸು ಬಂತು, ಕಟ್ಟದಿದ್ದರೆ ನಳ್ಳಿ ಕಟ್ ಅಂತ. ನಮ್ಮದು ಪಾದೆಕಲ್ಲಿನ ಜಾಗ, ಬಾವಿ ತೋಡಿದರೆ ಕಿಡಿ ಹಾರೀತೇ ಹೊರತು ನೀರು ಬಾರದು. ನಳ್ಳಿ ಹೋದರೆ ಎಲೆ ನೆನೆಸುವುದು ಯಾವುದರಲ್ಲಿ, ಗಾಯ ತೊಳೆಯುವುದು ಯಾವುದರಲ್ಲಿ? ಅಷ್ಟರಲ್ಲಿ ನಾನೇ ಸುದ್ದಿ ತಂದೆ. ಬಿ.ಪಿ.ಎಲ್. ಮನೆಗಳ ನೀರಿನ ಬಾಕಿಯನ್ನು ಸರಕಾರವೇ ನೋಡಿಕೊಳ್ತದಂತೆ, ಅರ್ಜಿ ಕೊಟ್ಟರೆ ಸಾಕು, ಒಮ್ಮೆ ಮನೆ ನೋಡಿಹೋಗ್ತಾರೆ ಅಷ್ಟೇ. ಖುಷಿಯಾದೀತು ಅಂದುಕೊಂಡಿದ್ದೆ. ಅವರ ಮುಖ ಬಿಳಚಿತು.

"ಮನೆ ನೋಡ್ಲಿಕ್ಕೆ ಬರ್ತಾರಾ?" ಅಂದರು. "ಒಳಗೆ ಬರ್ತಾರಾ?"

ಬೀಡಿ ಕೊಡುವ ಬ್ರಾಂಚಿನಲ್ಲಿ ಯಾರೋ ಅವರ ತಲೆಗೆ ತುಂಬಿಸಿದ್ದರು, ಫ್ರಿಡ್ಜು ಇದ್ದವರ ಕಾರ್ಡು ರದ್ದಾಗ್ತದೆ ಅಂತ. ಹೌದೋ ಅಲ್ಲವೋ, ಸರಿಯಾಗಿ ಗೊತ್ತಿದ್ದವರು ನಮ್ಮಲ್ಲಿ ಒಬ್ಬರೂ ಇಲ್ಲ. ಕಾರ್ಡಿನಲ್ಲೇ ಅವರ ಅಕ್ಕಿ, ಕಾರ್ಡಿನಲ್ಲೇ ಭಾವನ ಆಸ್ಪತ್ರೆ. ಅರ್ಜಿ ಕೊಡದಿದ್ದರೆ ನೀರು ಹೋಗ್ತದೆ, ಕೊಟ್ಟರೆ ಕಾರ್ಡು ಹೋಗ್ತದೆ. ಎರಡು ದಿನ ಅವರು ಬೀಡಿಯನ್ನೇ ಕಟ್ಟಲಿಲ್ಲ. ಮೂರನೆಯ ದಿನ ಬೇಲಿಯ ಹತ್ತಿರ ಬಂದು, "ಮಾರಾಯ್ತಿ, ಅದನ್ನು ನಿಮ್ಮಲ್ಲಿ ಇಟ್ಟುಕೊಳ್ತೀಯಾ? ಅವರು ಬಂದು ಹೋಗುವವರೆಗೆ..." ಅಂದರು.

ನಮ್ಮವರಿಗೆ ಬಸ್ ಡಿಪೋದಲ್ಲಿ ಕೆಲಸ, ನಮ್ಮದು ಎ.ಪಿ.ಎಲ್. ಕಾರ್ಡು, ನಮಗೆ ಹೋಗುವಂಥದ್ದು ಏನೂ ಇರಲಿಲ್ಲ. ನಮ್ಮ ಸ್ವಂತ ಫ್ರಿಡ್ಜು ಹಿಂದಿನ ಮಳೆಗಾಲದ ಸಿಡಿಲಿಗೆ ಸುಟ್ಟು ಜಾಗವೂ ಖಾಲಿ ಇತ್ತು. ಮಧ್ಯಾಹ್ನ ಊಟದ ನಂತರ ಓಣಿಯಲ್ಲಿ ನರಪಿಳ್ಳೆ ಇಲ್ಲದ್ದು ನೋಡಿಕೊಂಡು, ಬೆಡ್‌ಶೀಟ್ ಹೊದೆಸಿ, ನಾವು ಮೂವರು ಅದನ್ನು ಹೊತ್ತು ತಂದೆವು. ದೂರದಿಂದ ನೋಡಿದವರಿಗೆ ಹೆಣ ಹೊತ್ತ ಹಾಗೆ ಕಂಡೀತು ಅಂತ ನಮ್ಮವರು ತಮಾಷೆ ಮಾಡಿದರು. ಅಕ್ಕ ನಗಲಿಲ್ಲ. ಅವರ ಮನೆಯ ಕೆಂಪು ನೆಲದ ಮೇಲೆ ಫ್ರಿಡ್ಜಿನ ಕಾಲಿನ ನಾಲ್ಕು ತುಕ್ಕಿನ ಗುರುತು ಉಳಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರು, ಹೋಗಲಿಲ್ಲ. ಅದರ ಮೇಲೆ ಚಾಪೆ ಹಾಸಿ ಅಲ್ಲೇ ಬೀಡಿಗೆ ಕೂತರು.

ಮರುದಿನ ಅಕ್ಕ ಪಂಚಾಯತಿಗೆ ಅರ್ಜಿ ಕೊಟ್ಟು ಬಂದರು. ಮತ್ತೆ ಕಾಯುವುದು. ಮನೆ ನೋಡುವವರು ಬರುವ ದಿನ ಯಾರಿಗೂ ಗೊತ್ತಿರಲಿಲ್ಲ. ಬೈಕಿನ ಶಬ್ದ ಕೇಳಿದರೆ ಅಕ್ಕನ ಕೈಯಿಂದ ಕತ್ತರಿ ಬೀಳುತ್ತಿತ್ತು. ದಿನಕ್ಕೆರಡು ಸಲ ನಮ್ಮಲ್ಲಿಗೆ ಬಂದು ಔಷಧಿ ಒಯ್ದರೆ ಯಾರಾದರೂ ಕಂಡು ಹೇಳಿಯಾರು ಎಂಬ ಹೆದರಿಕೆ ಬೇರೆ. ಅದಕ್ಕೆ ಒಂದು ಸಣ್ಣ ಮಡಕೆಗೆ ಹೊಯ್ಗೆ ಮರಳು ತುಂಬಿಸಿ, ನೀರು ಚಿಮುಕಿಸಿ, ಬಾಟ್ಲಿಯನ್ನು ಲುಂಗಿಯ ತುಂಡಿನಲ್ಲಿ ಸುತ್ತಿ ಅದರಲ್ಲಿ ಇಟ್ಟುಕೊಂಡರು. ಏಪ್ರಿಲ್ ತಿಂಗಳ ಸೆಕೆ. ಭಾವ ಮಾತಾಡುವುದು ಕಡಿಮೆಯಾಯಿತು, ಹಗಲೆಲ್ಲ ಮಂಪರು. ಔಷಧಿ ಹಾಳಾಗಿದೆಯೋ ಏನೋ ಎಂದು ನನಗೆ ಸಂಶಯ. ಹೇಳಿದರೆ ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು, "ಇನ್ನು ಸ್ವಲ್ಪ ದಿನ" ಅನ್ನುತ್ತಿದ್ದರು.

ಕೊನೆಗೆ ಪಂಚಾಯತಿನಿಂದ ಒಬ್ಬರು ಹುಡುಗ ಪ್ರಾಯದವರು ಬಂದರು, ಹೆಗಲಿಗೆ ಬ್ಯಾಗ್. ಅಕ್ಕ ಬೇಲಿಯಿಂದಲೇ ನನ್ನ ಕೈ ಹಿಡಿದು ಎಳೆದುಕೊಂಡು ಹೋದರು. ಬಂದವರು ನಳ್ಳಿಯ ಮೀಟರ್ ನೋಡಿದರು, ಕಾರ್ಡ್ ನೋಡಿದರು, ಭಾವನ ಕಾಲು ನೋಡಿ ಮುಖ ಸಣ್ಣ ಮಾಡಿದರು. ಮನೆಯ ಸಾಮಾನಿನ ಕಡೆ ಕಣ್ಣೂ ಹಾಯಿಸಲಿಲ್ಲ. ಅಕ್ಕ ಮಾತ್ರ ಆ ಚಾಪೆಯ ಮೇಲಿಂದ ಅಲ್ಲಾಡಲಿಲ್ಲ. ಮುಗಿಯಿತು ಅಂದುಕೊಂಡಾಗ ಬಂದವರು ಕುಡಿಯಲು ನೀರು ಕೇಳಿದರು. ನಾನು ಮೂಲೆಯಲ್ಲಿದ್ದ ನೀರಿನ ದೊಡ್ಡ ಮಡಕೆಯಿಂದ ಕೊಟ್ಟೆ.

"ಒಳ್ಳೆ ತಂಪುಂಟು. ಫ್ರಿಡ್ಜಿನದ್ದಾ?" ಅಂದರು, ನಗುತ್ತಾ.

ಹಾಗೆ ಸುಮ್ಮನೆ ಅಂದದ್ದು. ಅಕ್ಕನ ತುಟಿಯ ಬಣ್ಣ ಹೋದದ್ದು ನಾನು ನೋಡಿದೆ. "ಇನ್ನೊಂದು ಲೋಟ ನಾನೇ ತಗೊಳ್ತೇನೆ" ಎಂದು ಅವರು ಮೂಲೆಗೆ ಹೋಗಿ ಮುಚ್ಚಳ ತೆಗೆದರು. ತೆಗೆದದ್ದು ಪಕ್ಕದ ಸಣ್ಣ ಮಡಕೆಯದ್ದು.

ಆ ಬಟ್ಟೆಯ ಗಂಟನ್ನು ಬಿಡಿಸಿ ಬಾಟ್ಲಿ ನೋಡಿದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬೇಲಿಯಾಚೆ ನಮ್ಮ ಅಡುಗೆಮನೆಯಲ್ಲಿ ಫ್ರಿಡ್ಜು ಗುಂಯ್ ಅನ್ನುವುದು ಇಲ್ಲಿಗೂ ಕೇಳುತ್ತಿದೆ ಅನ್ನಿಸಿತು ನನಗೆ. ಕೇಳುತ್ತಿರಲಿಲ್ಲ, ಆದರೂ ಅನ್ನಿಸಿತು.

"ಅಕ್ಕಾ, ಇದನ್ನು ಫ್ರಿಡ್ಜಲ್ಲಿ ಇಡ್ಬೇಕಲ್ಲ" ಅಂದರು ಅವರು ತಿರುಗಿ. ಸ್ವರದಲ್ಲಿ ಕರುಣೆ ಇತ್ತು. "ನನ್ನ ಅಮ್ಮನಿಗೂ ಉಂಟು ಇದೇ ಔಷಧಿ. ಈ ಸೆಕೆಗೆ ಹಾಳಾಗ್ತದೆ."

"ನಮಗೆಲ್ಲಿಂದ ಬರ್ಬೇಕು ಸರ್, ಫ್ರಿಡ್ಜು?"

ಆ ಸ್ವರ ಅಕ್ಕನದ್ದು ಅಂತ ನನಗೆ ಗುರುತೇ ಸಿಗಲಿಲ್ಲ. ಬಂದವರು ನನ್ನ ಕಡೆ ನೋಡಿದರು. ನಿಮ್ಮಲ್ಲಿ ಉಂಟಾ ಅಂತ ಕೇಳಿದರು. ಉಂಟು ಅಂದೆ. "ಹಾಗಾದ್ರೆ ಇವರದ್ದನ್ನು ನಿಮ್ಮ ಫ್ರಿಡ್ಜಲ್ಲಿ ಇಡಿ ಅಮ್ಮ, ಪುಣ್ಯ ಬರ್ತದೆ ನಿಮಗೆ" ಎಂದು ಹೇಳಿ, ಬಾಟ್ಲಿಯನ್ನು ನನ್ನ ಕೈಯಲ್ಲೇ ಕೊಟ್ಟು ಹೋದರು.

ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು ಎಂದೇ ಗೊತ್ತಾಗದ್ದು ನನ್ನ ಸಿಟ್ಟು.

ನೀರಿನ ಬಾಕಿ ಮಾಫಿ ಆಯಿತು, ನಳ್ಳಿ ಉಳಿಯಿತು, ಕಾರ್ಡೂ ಉಳಿಯಿತು. ಫ್ರಿಡ್ಜು ಮಾತ್ರ ಹಿಂದೆ ಹೋಗಲಿಲ್ಲ. ನಾನು ಎಷ್ಟು ಹೇಳಿದೆ, ಬೈದೂ ನೋಡಿದೆ. "ಇಲ್ಲ ಅಂತ ಬಾಯಿಬಿಟ್ಟು ಹೇಳಿ ಆಗಿದೆ. ಈಗ ತಂದಿಟ್ಟರೆ ನಾನು ಕಳ್ಳಿ ಆಗ್ತೇನೆ" ಅನ್ನುತ್ತಿದ್ದರು. ಯಾರು ಕೇಳಿದರೂ ನಿಮ್ಮದೇ ಅಂತ ಹೇಳು ಎಂದು ನನ್ನಿಂದ ಭಾಷೆ ತೆಗೆದುಕೊಂಡರು. ಬೆಳಿಗ್ಗೆ ಸಂಜೆ ಹಿಂಬಾಗಿಲಿಗೆ ಬಂದು, ಚಪ್ಪಲಿ ಕಳಚಿ, "ಸ್ವಲ್ಪ ತೆಗೀಲಾ?" ಎಂದು ಕೇಳಿಯೇ ಬಾಗಿಲು ತೆರೆಯುತ್ತಿದ್ದರು. ಅವರದೇ ಫ್ರಿಡ್ಜಿನ ಬಾಗಿಲು. ಒಳಗೆ ನಮ್ಮ ಹಾಲು, ನಮ್ಮ ದೋಸೆ ಹಿಟ್ಟು, ಮೂಲೆಯಲ್ಲಿ ಲುಂಗಿಯ ತುಂಡಿನಲ್ಲಿ ಸುತ್ತಿದ ಅವರ ಬಾಟ್ಲಿ. ಕರೆಂಟು ಹೋದರೆ ಬೇಲಿಯ ಮೇಲೆ ಮೊದಲು ಕಾಣುವುದು ಅವರ ತಲೆ. ನಾವು ಪೊಳಲಿ ಜಾತ್ರೆಗೋ ಮದುವೆಗೋ ಹೋಗುವಾಗ ಹಿಂಬಾಗಿಲಿಗೆ ಬೀಗ ಹಾಕುವುದನ್ನೇ ಬಿಟ್ಟೆವು.

ಭಾವ ಹೋದದ್ದು ಮರುವರ್ಷದ ಮಳೆಗಾಲದಲ್ಲಿ. ಆ ಸೆಕೆಯ ದಿನಗಳಿಂದಲೇ ಕುಗ್ಗಿದರು ಅಂತ ನನಗೆ ಅನ್ನಿಸುವುದುಂಟು. ಅಕ್ಕನಿಗೂ ಅನ್ನಿಸಿರಬೇಕು, ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಆಮೇಲೆ ಅವರು ನಮ್ಮ ಅಡುಗೆಮನೆಗೆ ಬಂದದ್ದು ನೆನಪಿಲ್ಲ. ಕೊಕ್ಕಡದಲ್ಲಿದ್ದ ತಂಗಿಯ ಮನೆಗೆ ಹೋದರು, ಅಲ್ಲೇ ಹೋದ ವರ್ಷ ತೀರಿಕೊಂಡರು. ಫೋನು ಬಂದಾಗ ನಾನು ಫ್ರಿಡ್ಜಿನಿಂದ ಮೊಸರು ತೆಗೆಯುತ್ತಿದ್ದೆ...

ಗುಜರಿಯವ ಬಂದ. ಕದ್ದ ಮಾಲು ಕೊಂಡು ಎಲ್ಲೋ ಪೆಟ್ಟು ತಿಂದಿದ್ದನೋ ಏನೋ, "ಫ್ರಿಡ್ಜ್ ನಿಮ್ಮದೇ ಅಲ್ವಾ ಅಮ್ಮ?" ಅಂತ ಕೇಳಿದ. ನಾನು ಬೇಲಿಯಾಚೆ ನೋಡಿದೆ. ಆ ಜಗಲಿಯಲ್ಲಿ ಈಗ ಯಾರೂ ಇಲ್ಲ, ಬಾಗಿಲಿಗೆ ಬೀಗ. ನಮ್ಮದೇ ಅಂದೆ.

ಅವನು ಫ್ರಿಡ್ಜನ್ನು ಗಾಡಿಗೆ ಏರಿಸಿ ಹೊರಟ. ಒಳಗೆ ಬಂದರೆ ಅಡುಗೆಮನೆಯ ನೆಲದಲ್ಲಿ ನಾಲ್ಕು ತುಕ್ಕಿನ ಗುರುತು. ಹೊರಗೆ ರಸ್ತೆಯಲ್ಲಿ ಯಾವುದೋ ಬೈಕು ನಿಂತ ಶಬ್ದವಾಯಿತು. ನೋಡುತ್ತೇನೆ, ನನ್ನ ಕೈ ಆಗಲೇ ಮೂಲೆಯಲ್ಲಿದ್ದ ಚಾಪೆಯನ್ನು ಎಳೆದು ಅದರ ಮೇಲೆ ಹಾಸಿಯಾಗಿತ್ತು.