ಸೇತುವೆಯಡಿ ಹಾಯಿಗಂಬ

ನಿವೃತ್ತರಾದ ಮೇಲೆ ಹಾಯಿದೋಣಿ ಕೊಳ್ಳುತ್ತೇನೆಂದು ಭಾವ ಹೇಳಿದಾಗ ಅಕ್ಕ ನಗಲಿಲ್ಲ. ನಗುವ ಕೆಲಸವನ್ನು ನನಗೆ ಬಿಟ್ಟಳು. ಚನ್ನರಾಯಪಟ್ಟಣದಲ್ಲಿ ಆಯುಷ್ಯವಿಡೀ ಭೂಗೋಳ ಕಲಿಸಿದ ಮನುಷ್ಯ. ಗಾಳಿ ಯಾವ ಕಡೆ ಬೀಸುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಬರೆದವರೇ ಹೊರತು ಅದರ ಬೆನ್ನು ಹತ್ತಿದವರಲ್ಲ. ಒಬ್ಬರೇ ಹೋಗಬೇಕು, ಯಾರೂ ಜೊತೆಗಿರಬಾರದು, ಅದೇ ಅವರ ಆಸೆ.

ಮೈಸೂರಿನಲ್ಲಿ ಹಳೆಯದೊಂದು ದೋಣಿ ಮಾರಾಟಕ್ಕಿತ್ತು. ಮಲ್ಲಿಪಟ್ಟಣದ ಕಡೆ ಭಾವನ ಹೊಲದ ಅಂಚಿಗೇ ಹೇಮಾವತಿಯ ಹಿನ್ನೀರು ಬರುತ್ತದೆ. ಆದರೆ ಅಲ್ಲಿಂದ ವಿಶಾಲವಾದ ನೀರಿಗೆ ಹೋಗಲು ಒಂದು ಸೇತುವೆಯ ಕೆಳಗೆ ನುಸುಳಬೇಕು. ಹಾಯಿಯ ಕಂಬವನ್ನು ಇಳಿಸಬಹುದಂತೆ, ಅದಕ್ಕೆ ಇಬ್ಬರು ಬೇಕಂತೆ. ಭಾವನ ಭುಜಕ್ಕೆ ಆಪರೇಷನ್ ಆಗಿದೆ. ಕಂಬ ನಿಂತಂತೆಯೇ ದಾಟಿದರೆ ದೋಣಿ, ಇಲ್ಲದಿದ್ದರೆ ಇಲ್ಲ.

ಬೇಸಿಗೆಯಲ್ಲಿ ಅಳೆಯಲು ಹೋದೆವು. ನೀರು ಎಲ್ಲೋ ತಳದಲ್ಲಿತ್ತು. ನಮ್ಮ ಕಡೆ ನೀರಿನ ಮಟ್ಟವನ್ನು ಅಡಿಗಳ ಲೆಕ್ಕದಲ್ಲಿ ಯಾರೂ ಹೇಳುವುದಿಲ್ಲ; ಇದೇ ಹಿನ್ನೀರಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳು ಚರ್ಚು ಎಷ್ಟು ಮುಳುಗಿತು ಎಂದು ಹೇಳುತ್ತಾರೆ. ಭಾವ ಅಲ್ಲಿನ ಪರಿಚಿತರೊಬ್ಬರಿಗೆ ಫೋನ್ ಮಾಡಿದರು. ಹೋದ ಮಳೆಗಾಲದಲ್ಲಿ ಕಿಟಕಿ ಮುಳುಗಿತ್ತೆಂದು ಉತ್ತರ ಬಂತು. ಆ ಕಿಟಕಿ ಈ ಸೇತುವೆಯ ಕಂಬದಲ್ಲಿ ಎಲ್ಲಿಗೆ ಸಮ? ಸೇತುವೆಯ ಕಂಬದ ಮೇಲೆ ಹಿಂದೆ ನೀರು ನಿಂತ ಎರಡು ಕಲೆಗಳಿದ್ದವು, ಕೆಳಗೆ ಕಡುಕಂದು, ಮೇಲೆ ಮಾಸಿದ್ದು. ಭಾವ ಕಡುಕಂದನ್ನೇ ಆರಿಸಿಕೊಂಡು, ಕಟಕಟೆಯಿಂದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು. ಅವರ ಲೆಕ್ಕದಲ್ಲಿ ಹಾಯಿಗಂಬ ದಾಟಿ ಮೇಲೆ ಒಂದು ಮೊಳ ಜಾಗ ಉಳಿಯಿತು.

ಆಗ ನಾನು ಬಾಯಿಬಿಟ್ಟೆ. ಚಿಕ್ಕವನಿದ್ದಾಗ ತೆಪ್ಪದಲ್ಲಿ ಕೂತು ಈ ಸೇತುವೆಯ ಅಡಿಯನ್ನು ಕೈಯೆತ್ತಿ ಮುಟ್ಟಿದ್ದೆ. ಒದ್ದೆ ಸಿಮೆಂಟಿನ ತಂಪು ಇನ್ನೂ ಬೆರಳಲ್ಲಿದೆ. ನೀರು ಅಷ್ಟು ಮೇಲೆ ಬಂದರೆ ಹಾಯಿಗಂಬ ದಾಟುವ ಮಾತೇ ಇಲ್ಲ.

ಮನೆಗೆ ಬಂದು ಹೇಳಿದರೆ ಅಕ್ಕ ಒಪ್ಪಲಿಲ್ಲ. "ನೀನೆಲ್ಲಿ ತೆಪ್ಪ ಹತ್ತಿದ್ದೆಯೋ? ದಡದಲ್ಲಿ ಅಳ್ತಾ ನಿಂತಿದ್ದೆ. ಮುಟ್ಟಿದ್ದು ನಾನು."

ಹಾಗಾದರೆ ಆ ತಂಪು? ಅವಳು ಹೇಳಿದ್ದನ್ನು ಕೇಳಿ ಕೇಳಿ ನನ್ನ ಬೆರಳಿಗೆ ಬಂದದ್ದೇ? ಎಂಎಸ್ಸಿ ಓದುವಾಗ ಪುರಾವೆ ಇಲ್ಲದ್ದನ್ನು ನಂಬಬಾರದೆಂದು ಕಲಿತವನು ನಾನು. ನನ್ನ ಕೈಯನ್ನೇ ನಂಬಲಾಗದ ಸ್ಥಿತಿ.

ಭಾವ ಇಬ್ಬರನ್ನೂ ನೋಡಿದರು. "ಯಾರು ಮುಟ್ಟಿದ್ರೇನಯ್ಯ? ಮುಟ್ಟಿದ್ದಂತೂ ನಿಜ ತಾನೆ?"

ಅದು ಈ ಸೇತುವೆಯೋ ಬೇರೆಯದೋ ಎಂದು ಅಕ್ಕ ಗೊಣಗಿದಳು. ಆಣೆ ಮಾಡಿ ಹೇಳಲು ಅವಳಿಗೂ ಆಗಲಿಲ್ಲ. ಎರಡು ವಾರ ನಾವು ಹಾಗೆ ತೂಗಾಡುತ್ತಿರುವಾಗ ದೋಣಿ ಬೇರೆಯವರ ಪಾಲಾಯಿತು. ಭಾವ ಆ ವಿಷಯ ಎತ್ತಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ವರ್ಷ ಮಳೆ ಶುರುವಾದ ಮೇಲೆ ಹಾಸನದಿಂದ ಮತ್ತೆ ಮತ್ತೆ ಬೈಕಿನಲ್ಲಿ ಹೋಗಿ ನೋಡಿದೆ. ನೀರು ಕಡುಕಂದು ಕಲೆಯನ್ನೂ ಮುಟ್ಟದೆ ನಿಂತಿತು. ಡ್ಯಾಮ್ ಪೂರ್ತಿ ತುಂಬಲಿಲ್ಲ. ಹಾಗಾಗಿ ನಾನು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಕೊನೆಯ ಸಲ ಸೇತುವೆಯ ಮೇಲಿಂದಲೇ ಭಾವನಿಗೆ ಫೋನ್ ಮಾಡಿದೆ.

"ಈಗ ಆಗಿದ್ರೆ ದೋಣಿ ದಾಟ್ತಿತ್ತಾ?" ಎಂದರು.

"ದಾಟ್ತಿತ್ತು ಭಾವ."

"ಗಾಳಿ ಇದೆಯಾ ಅಲ್ಲಿ?"

ಇದೆ ಎಂದೆ. ಫೋನನ್ನು ಕಟಕಟೆಯಾಚೆ ಗಾಳಿಗೆ ಚಾಚಿ ಹಿಡಿದೆ.